ಗೋಡೆಯಿಲ್ಲದ ಬಾವಿ

ಮೊನ್ನೆ ಶಿಡ್ಲಘಟ್ಟದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೊರಡೋಣ ಅಂತ ಅಟ್ಟದಿಂದ ಸೂಟ್‌ಕೇಸು ಇಳಿಸಿ, ಧೂಳು ಕೊಡವೋದಕ್ಕೆ ಬೋರಲು ಹಾಕಿದೆ ನೋಡಿ, ಒಳಜೇಬಿನಿಂದ ಒಂದು ಹಿಡಿಯಷ್ಟು ಬಿಳಿ ಮರಳು ನೆಲಕ್ಕೆ ಸುರಿಯಿತು. ಪೊರಕೆ ಕೈಯಲ್ಲೇ ಇತ್ತು. ಗುಡಿಸೋಕೆ ಮಾತ್ರ ಮನಸ್ಸು ಬರಲಿಲ್ಲ. ಅಲ್ಲೇ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಟ್ಟೆ. ಅವತ್ತು ನಾವು ಶಿಡ್ಲಘಟ್ಟ ಸೇರುವಷ್ಟರಲ್ಲಿ ಅವರು ಹಾಲು ಉಕ್ಕಿಸಿ, ಊಟ ಬಡಿಸಿ, ಎಲೆಯನ್ನೂ ಎತ್ತಿದ್ದರು. ನಮ್ಮ ಯಜಮಾನರು ಇನ್ನೂ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದಾರೆ. ಹೋಳಿಗೆ ತಪ್ಪಿಹೋದ ದುಃಖ ಅಷ್ಟು ಬೇಗ ಆರುವುದಿಲ್ಲ.

ನಮ್ಮ ಸೀಮೆಯವರಿಗೆ ಮರಳು ಸುಮ್ಮನೆ ಗುಡಿಸಿ ಬಿಸಾಡೋ ವಸ್ತುವಲ್ಲ ಅನ್ನೋದು ನಿಮಗೂ ಗೊತ್ತು. ಗೌರಿಬಿದನೂರಿನ ಕಡೆ ಪಿನಾಕಿನಿ ಹೊಳೆಯಲ್ಲಿ ನೀರು ಕಂಡವರಿಗಿಂತ ಮರಳು ಕಂಡವರೇ ಹೆಚ್ಚು. ಈಗ ಅದೂ ಇಲ್ಲ. ಮನೆ ಕಟ್ಟಿಸುವವರು ಬಾಗಿಲ ಮುಂದೆ ಮರಳು ಹೊಡೆಸಿದರೆ, ಕಳ್ಳರಿಗೆ ಹೆದರಿ ಅದರ ಪಕ್ಕದಲ್ಲೇ ಮಂಚ ಹಾಕಿಕೊಂಡು ಮಲಗುತ್ತಿದ್ದ ಕಾಲ ಒಂದಿತ್ತು. ಅಂಥ ಸೀಮೆಯ ನಮ್ಮ ಪಿಳ್ಳಪ್ಪ ಮಾವ ಅಂಡಮಾನಿನ ಕಡಲ ದಂಡೆಯ ಮೇಲೆ ಮೊದಲ ಸಲ ಕಾಲಿಟ್ಟಾಗ, ಬಗ್ಗಿ ಒಂದು ಹಿಡಿ ಮರಳು ಎತ್ತಿ ಬೆರಳ ಸಂದಿಯಿಂದ ಮೆಲ್ಲಗೆ ಜಾರಿಸುತ್ತಾ, "ಇಷ್ಟೊಂದು ಬಿದ್ದಿದೆ. ಕೇಳೋರೇ ಇಲ್ವೇನಮ್ಮ?" ಅಂದಿದ್ದ.

"ಉಪ್ಪು ಮರಳು ಮಾವ, ಗಾರೆಗೆ ಬರಲ್ಲ" ಅಂದೆ.

"ಬರದೇ ಇರ್ಲಿ ಬಿಡು. ನೋಡೋಕಾದ್ರೂ ಬಂತಲ್ಲ."

ಪಿಳ್ಳಪ್ಪ ಮಾವ ನಮ್ಮಮ್ಮನ ತಮ್ಮ. ಚಿಂತಾಮಣಿ ತಾಲ್ಲೂಕಿನಲ್ಲಿ ಕೆಂಚಾರ್ಲಹಳ್ಳಿಯ ಮಗ್ಗುಲಿನ ಊರು. ವಯಸ್ಸು ಎಪ್ಪತ್ತು ದಾಟಿದೆ. ಜೀವಮಾನವೆಲ್ಲ ರೇಷ್ಮೆ ಹುಳ ಸಾಕಿದವನು. ಹುಳ ಸಾಕೋರ ಮನೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹುಳ ತಟ್ಟೆಯಲ್ಲಿದ್ದಷ್ಟು ದಿನ ಹತ್ತಿರದ ನೆಂಟರ ಮದುವೆಗೂ ಗಂಡ ಹೋದರೆ ಹೆಂಡತಿ ಇಲ್ಲ, ಹೆಂಡತಿ ಹೋದರೆ ಗಂಡ ಇಲ್ಲ. ಹಾಗಾಗಿ ಮಾವನೂ ನಾರಾಯಣಮ್ಮ ಅತ್ತೆಯೂ ಜೋಡಿಯಾಗಿ ಊರು ಬಿಟ್ಟು ಹೋದದ್ದನ್ನು ನಾನು ಕಂಡೇ ಇರಲಿಲ್ಲ. ಈಗ ಹುಳದ ಮನೆ ಮಗ ಸೊಸೆಯ ಕೈಗೆ ಬಂದಿದೆ. ಇತ್ತ ನಾನು ಚಿಕ್ಕಬಳ್ಳಾಪುರದ ಸ್ಕೂಲಿನಲ್ಲಿ ರಿಟೈರ್ ಆಗೋ ಹೊತ್ತು ಹತ್ತಿರ ಬಂದಿತ್ತು, ಪ್ರವಾಸಕ್ಕೆ ಅಂತ ಕೊಡೋ ಎಲ್‌ಟಿಸಿ ಹಾಗೇ ಉಳಿದಿತ್ತು. ಎಲ್‌ಟಿಸಿ ಅನ್ನೋದು ಗೊನೆಯಲ್ಲಿ ಕಳಿತ ಬಾಳೆಹಣ್ಣಿನ ಹಾಗೆ. ಇವತ್ತು ತಿನ್ನಲಿಲ್ಲವೋ, ನಾಳೆ ಹಸುವಿಗೆ. ನಮ್ಮ ಯಜಮಾನರು ಅಂಡಮಾನ್ ಅಂದರು. ಅಂದವರೇ ಟೋಪಿ, ಕಪ್ಪು ಕನ್ನಡಕ, ಮೈಗೆ ಹಚ್ಚೋ ಲೋಷನ್ನು, ವಾಂತಿ ಮಾತ್ರೆ ಎಲ್ಲ ತಂದು ಗುಡ್ಡೆ ಹಾಕಿದರು. ಅವರ ಪ್ರವಾಸ ಅಲ್ಲಿಗೆ ಅರ್ಧ ಮುಗಿದಿತ್ತು.

ನನಗೆ ಮಾವನ ನೆನಪಾಯಿತು. ಫೋನು ಮಾಡಿದೆ.

"ಮಾವ, ನೀನೂ ಅತ್ತೇನೂ ನಮ್ಮ ಜೊತೆ ಬನ್ನಿ. ಸುತ್ತ ಸಮುದ್ರ, ನಡುವೆ ಊರು."

ವಿಮಾನಾನಾ ಹಡಗಾ, ಊಟಕ್ಕೆ ಮುದ್ದೆ ಸಿಗುತ್ತಾ, ಯಾವುದನ್ನೂ ಅವನು ಕೇಳಲಿಲ್ಲ. ದನಿ ತಗ್ಗಿಸಿ ಒಂದೇ ಒಂದು ಮಾತು ಕೇಳಿದ: "ಅಲ್ಲಿ ಈಜೋಕೆ ಬಿಡ್ತಾರೇನಮ್ಮ?"

ಆ ಪ್ರಶ್ನೆಯ ತೂಕ ನಿಮಗೆ ತಿಳಿಯಬೇಕಾದರೆ ಮಾವನ ತೋಟದ ಬಾವಿಯ ವಿಷಯ ಹೇಳಬೇಕು. ಆನೆ ಇಳಿಸಬಹುದು ಅನ್ನುವಂಥ ದುಂಡನೆಯ ಕಲ್ಲು ಕಟ್ಟಡದ ಬಾವಿ. ಗೋಡೆಯ ಸಂದಿಗಳಲ್ಲಿ ಪಾರಿವಾಳ, ಸಂದಿಗೆ ಬೇರಿಳಿಸಿದ ಒಂದು ಮೊಂಡು ಅರಳಿಗಿಡ, ಒಂದು ಪಕ್ಕಕ್ಕೆ ಚಾಚಿಕೊಂಡ ಕಲ್ಲಿನ ಮೆಟ್ಟಿಲು. ಬೇಸಿಗೆ ರಜೆಗೆ ಹೋದರೆ ಸುತ್ತಲ ಹಳ್ಳಿಯ ಮಕ್ಕಳೆಲ್ಲ ಅಲ್ಲೇ. ಎಲ್ಲರಿಗೂ ಗುರು ಒಬ್ಬನೇ, ಪಿಳ್ಳಪ್ಪ ಮಾವ. ಯಾರ ಮನೆಯ ಬಿಂದಿಗೆ ಬಾವಿಗೆ ಬಿದ್ದರೂ ಪಾತಾಳಗರಡಿಯ ಕೊಕ್ಕೆ ಹುಡುಕುತ್ತಿರಲಿಲ್ಲ, ಮಾವನನ್ನು ಹುಡುಕುತ್ತಿದ್ದರು. ಒಂದು ಮುಳುಗು ಹಾಕಿ ಬಿಂದಿಗೆ ತಂದು, ಅದರಲ್ಲಿ ಸೇರಿಕೊಂಡಿದ್ದ ಏಡಿಯನ್ನೂ ತೋರಿಸಿ ಕೊಡುತ್ತಿದ್ದ.

ಕಲಿಯೋ ಮಕ್ಕಳ ಸೊಂಟಕ್ಕೆ ಬೆಂಡು ಕಟ್ಟುತ್ತಿದ್ದರು. ಬೆಂಡು ಅಂದರೆ ನೀರಲ್ಲಿ ತೇಲೋ ಒಣಗಿದ ಹಗುರ ಕಟ್ಟಿಗೆ. ನನಗೂ ಲಂಗದ ಮೇಲೆ ಬೆಂಡು ಕಟ್ಟಿ ಇಳಿಸಿದ್ದ. ಹೆಣ್ಣು ಹುಡುಗಿಗೆ ಈಜು ಯಾಕೆ ಅಂತ ಅಜ್ಜಿ ಗೊಣಗಿದರೆ, "ನೀರಿಗೇನು ಗೊತ್ತಮ್ಮ ಗಂಡು ಯಾರು ಹೆಣ್ಣು ಯಾರು ಅಂತ? ಎಲ್ಲಾರ್ನೂ ಮುಳುಗಿಸ್ತದೆ" ಅಂದಿದ್ದ. ನಾನು ಕುಡಿದ ಬಾವಿ ನೀರಿನ ಲೆಕ್ಕ ಯಾರೂ ಇಟ್ಟಿಲ್ಲ. ಆ ವರ್ಷ ಬಾವಿ ಬೇಗ ಬತ್ತಿದ್ದಕ್ಕೆ ನಾನೇ ಕಾರಣ ಅಂತ ನಮ್ಮ ಅಣ್ಣಂದಿರು ಬಹಳ ದಿನ ಆಡಿಕೊಂಡರು. ಈಜಾದ ಮೇಲಿನ ಹಸಿವು ಮಾತ್ರ ಮರೆಯೋ ಹಾಗಿಲ್ಲ. ಒದ್ದೆ ಕೂದಲಲ್ಲಿ ಬದುವಿನ ಮೇಲೆ ಕೂತು, ಸುಟ್ಟ ಕಡಲೆಕಾಯಿಯನ್ನು ಸಿಪ್ಪೆ ಸಮೇತ ಬಾಯಿಗೆ ಹಾಕಿಕೊಳ್ಳೋ ಹಸಿವು ಅದು.

ಆಮೇಲೆ ಬೋರ್‌ವೆಲ್ಲು ಬಂತು. ಬಾವಿಯ ನೀರು ತಳ ಕಂಡಿತು, ತಳದಲ್ಲಿ ಲಾಂಟಾನ ಬೆಳೆಯಿತು. ಈಜೋರು ಉಳಿದರು, ಈಜೋ ನೀರು ಹೋಯಿತು. ಈಚೆಗೆ ನಮ್ಮ ಕೆರೆಗಳಿಗೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಹರಿಸುತ್ತಿದ್ದಾರಲ್ಲ, ಕೆರೆ ತುಂಬಿ ತುಳುಕುತ್ತಿದೆ. ಮಾವ ದಿನಾ ಹೋಗಿ ಏರಿ ಮೇಲೆ ನಿಂತು ನೋಡುತ್ತಾನೆ, ಇಳಿಯಲ್ಲ. "ಕಣ್ಣಿಗೆ ತಂಪು, ಮೈಗೆ ಮನಸ್ಸಿಲ್ಲ" ಅಂತಾನೆ. ಒಂದು ಸಲ ನಮ್ಮ ಮನೆಗೆ ಬಂದಿದ್ದಾಗ ಈಜುಕೊಳಕ್ಕೆ ಕರೆದುಕೊಂಡು ಹೋಗಿದ್ದೆ. ತಲೆಗೆ ರಬ್ಬರ್ ಟೋಪಿ ಹಾಕಿಕೊಳ್ಳದೆ ಬಿಡೋಲ್ಲ ಅಂದರು, ಕೂದಲು ನೀರಿಗೆ ಉದುರಬಾರದಂತೆ. ಮಾವ ತನ್ನ ಬೋಳುತಲೆಯನ್ನು ಒಂದು ಸಲ ಸವರಿಕೊಂಡು, "ಇದರಿಂದ ಏನಾದ್ರೂ ಉದುರಿದ್ರೆ ನಮ್ಮೋಳು ಕೈ ಮುಗೀತಾಳೆ" ಅಂದು ವಾಪಸ್ಸು ಬಂದುಬಿಟ್ಟ.

ಹೀಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೈ ಮುಳುಗುವಷ್ಟು ನೀರು ಕಾಣದ ಈಜುಗಾರ ನಮ್ಮ ಮಾವ. ಸಾಯೋದರೊಳಗೆ ಒಂದು ಸಲ ಈಜಬೇಕು. ಅದೊಂದೇ ಆಸೆ.

ಇನ್ನು ಅತ್ತೆಯ ವಿಷಯ. ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ ಅಂತಾರೆ. ನಮ್ಮತ್ತೆ ಬಂದಳು, ಒಂದೇ ಒಂದು ಸಲ. ಮದುವೆಯಾದ ಹೊಸತು. ತೋಟಕ್ಕೆ ಬುತ್ತಿ ತಂದಿದ್ದಾಳೆ. ಹೊಸ ಹೆಂಡತಿಯ ಮುಂದೆ ಮೆರೆಯಬೇಕು ಅಂತ ಮಾವ ಮೇಲಿನಿಂದ ಬಾವಿಗೆ ಡೈವ್ ಹೊಡೆದಿದ್ದಾನೆ. ಹೊಡೆದವನು ಮೇಲಕ್ಕೆ ಬಂದಿಲ್ಲ. ಮೆಟ್ಟಿಲ ಅಡಿ, ನೀರಿನ ಮಟ್ಟಕ್ಕೆ, ಒಂದು ಕಲ್ಲು ಬಿದ್ದುಹೋಗಿ ಪೊಟರೆಯಾಗಿತ್ತು. ಅದರೊಳಗೆ ತಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದಾನೆ. ಮೇಲೆ ಅತ್ತೆ ಬಗ್ಗಿ ನೋಡ್ತಾಳೆ, ನೀರು ಅಲುಗಾಡ್ತಾ ಇಲ್ಲ. ಅವಳ ಕೂಗಿಗೆ ಸುತ್ತಲ ತೋಟದವರೆಲ್ಲ ಓಡಿ ಬಂದ ಮೇಲೆ ನಮ್ಮ ಮಾವ ಹಲ್ಲು ಕಿರಿಯುತ್ತಾ ಈಚೆ ಬಂದ. ಎಲ್ಲರೂ ನಕ್ಕರು. ಅತ್ತೆ ಮಾತ್ರ ಬುತ್ತಿ ಕುಕ್ಕೆ ಎತ್ತಿಕೊಂಡು ಹಾಗೇ ಮನೆಗೆ ಹೋದಳು. ಅವತ್ತು ಮಾವನಿಗೆ ಮುದ್ದೆ ಸಿಗಲಿಲ್ಲ. ಆಮೇಲೆ ಅವಳು ಆ ಬಾವಿಯ ಹತ್ತಿರ ಸುಳಿಯಲೂ ಇಲ್ಲ, ತನ್ನ ಕಣ್ಣೆದುರು ಅವನನ್ನು ನೀರಿಗೆ ಇಳಿಯಗೊಡಲೂ ಇಲ್ಲ.

ಅಂಡಮಾನ್ ಅಂದ ಕೂಡಲೇ ಅವಳೂ ಒಂದು ಮಾತು ಹೇಳಿದಳು. ಅವಳ ಪದ್ಧತಿ ನಿಮಗೆ ತಿಳಿದಿರಲಿ: ಗಂಡ ಮಗ್ಗುಲಲ್ಲೇ ಕೂತಿದ್ದರೂ ಮಾತು ಬೇರೆಯವರ ಮುಖಾಂತರವೇ ಹೋಗಬೇಕು. "ಬರ್ತೀನಮ್ಮ. ಆದ್ರೆ ನಿಮ್ಮ ಮಾವನಿಗೆ ಹೇಳ್ಬಿಡು, ಮೊಣಕಾಲು ಮಟ್ಟ ಅಷ್ಟೆ. ಅದಕ್ಕಿಂತ ಮುಂದಕ್ಕೆ ಹೋದ್ರೆ ನಾನು ಅಲ್ಲೇ ಕೂತ್ಬಿಡ್ತೀನಿ, ಊರಿಗೇ ಬರಲ್ಲ."

ಹೋದೆವು. ನೋಡಬೇಕಾದ್ದನ್ನೆಲ್ಲ ನೋಡಿದೆವು. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂರಿಸಿದರು. ಕಾಲ ಕೆಳಗೆ ಬಣ್ಣ ಬಣ್ಣದ ಮೀನು, ಹವಳದ ಗಿಡ. ಗಂಗಮ್ಮನ ಮೇಲೆ ಕಾಲಿಡೋದೇನು ಅಂತ ಅತ್ತೆ ದಾರಿಯುದ್ದಕ್ಕೂ ಎರಡು ಕಾಲನ್ನೂ ಬೆಂಚಿನ ಮೇಲೆ ಮಡಚಿಕೊಂಡು ಕೂತಳು. "ಹವಳ ಅಂದ್ರೆ ಇದೇನಾ? ನಮ್ಮ ಹೂಕೋಸಿನ ಹಾಗಿದೆ. ಒಂದು ಮಳೆ ಹೆಚ್ಚು ಬಿದ್ದಿದ್ರೆ ಕೊಳ್ತೋಗಿರೋದು" ಅಂದಳು. ನಮ್ಮ ಯಜಮಾನರು ತಮ್ಮ ಮಾತ್ರೆಯನ್ನು ನುಂಗಿಯೂ ಅದರ ಮರ್ಯಾದೆ ಉಳಿಸಲಿಲ್ಲ. ಮಾವ ಮಾತ್ರ ಮೀನನ್ನು ನೋಡುತ್ತಿರಲಿಲ್ಲ, ಆಳವನ್ನು ನೋಡುತ್ತಿದ್ದ. "ಎರಡಾಳುದ್ದ ಇದೆ. ತಳ ಹ್ಯಾಗೆ ಕಾಣ್ತಿದೆ ನೋಡಮ್ಮ" ಅಂತ ತನ್ನಷ್ಟಕ್ಕೆ ಹೇಳಿಕೊಂಡ.

ಸ್ವಾತಂತ್ರ್ಯಕ್ಕೆ ಹೋರಾಡಿದವರನ್ನು ಕೂಡಿಹಾಕಿದ್ದ ಜೈಲಿಗೂ ಹೋದೆವು. ಇಕ್ಕಟ್ಟಿನ ಒಂದು ಕೋಣೆಯೊಳಗೆ ಮಾವ ಬಹಳ ಹೊತ್ತು ನಿಂತಿದ್ದ. ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸೋಕೆ ಸೇರಿದವರ ಮೇಲೆ ಗುಂಡು ಬಿದ್ದ ಕಥೆಯನ್ನು ಅಜ್ಜನ ಬಾಯಲ್ಲಿ ಕೇಳಿ ಬೆಳೆದವರು ನಾವು; ಇಂಥ ಗೋಡೆ ಮುಂದೆ ಏನು ಮಾತಾಡಬೇಕೋ ತಿಳಿಯೋದಿಲ್ಲ. ಈಚೆ ಬಂದು ಮಾವ ಅಂದ: "ಸುತ್ತ ಇಷ್ಟು ನೀರು. ಇಳಿಯೋ ಹಾಗಿಲ್ಲ. ಅದಕ್ಕಿಂತ ಶಿಕ್ಷೆ ಯಾವುದಿದೆ?"

ಅವನು ಅಂದದ್ದು ಆ ಮಹಾನುಭಾವರ ಬಗ್ಗೆಯೇ. ಆದರೆ ಅತ್ತೆ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಾ ನಡೆದಳು. ಮಾರನೇ ದಿನ ಸಾಯಂಕಾಲ ಕಡಲ ದಂಡೆಯಲ್ಲಿ ಕೂತಿದ್ದಾಗ, ಎಲ್ಲೋ ನೋಡುತ್ತಾ ನನಗೆ ಹೇಳಿದಳು: "ಇಳಿಯೋರು ಇಳೀಬಹುದು ಅಂತ ಹೇಳಮ್ಮ. ನಾನೇನು ಜೈಲಲ್ಲ."

ಮಾವ ಎದ್ದು ನಿಂತ. ಅಂಗಿ ಬಿಚ್ಚಿ ಮಡಚಿಟ್ಟ. ಪಟ್ಟಾಪಟ್ಟಿ ಚಡ್ಡಿಯ ಲಾಡಿ ಬಿಗಿ ಮಾಡಿಕೊಂಡ. ಸುತ್ತ ಇದ್ದವರೆಲ್ಲ ನೈಲಾನ್ ಬಟ್ಟೆಯವರು. ಅವರ ನಡುವೆ ನಮ್ಮ ಮಾವ ಚಿಂತಾಮಣಿ ಸಂತೆಯಿಂದ ಈಗ ತಾನೇ ಬಂದ ಹಾಗಿದ್ದ. ಅಲ್ಲಿ ಕಾವಲಿಗೆ ಅಪ್ಪಾರಾವು ಅಂತ ಒಬ್ಬರಿದ್ದರು, ಕೆಂಪು ಅಂಗಿ, ನಡುವಯಸ್ಸು. ಅವರ ತಾತನ ಕಾಲದಲ್ಲೇ ಆಂಧ್ರದ ಕರಾವಳಿಯಿಂದ ಬಂದು ನೆಲೆಯಾದವರಂತೆ. ಬಂದ ದಿನದಿಂದಲೇ ಮಾವ ಅವರ ಜೊತೆ ತೆಲುಗಿನಲ್ಲಿ ನೆಂಟಸ್ತನ ಬೆಳೆಸಿದ್ದ. ಅವರದು ಅಲೆಯ ಮೇಲೆ ಓಲಾಡೋ ತೆಲುಗು, ನಮ್ಮ ಗಡಿ ಸೀಮೆಯದು ಮುದ್ದೆಯ ಹಾಗೆ ಗಟ್ಟಿ ತೆಲುಗು. ಆದರೂ ಇಬ್ಬರಿಗೂ ಅರಗುತ್ತಿತ್ತು. ಅಪ್ಪಾರಾವು ಹಳದಿ ಬಣ್ಣದ ಲೈಫ್ ಜಾಕೆಟ್ ಹಿಡಿದುಕೊಂಡು ಬಂದರು.

"ಏಮಪ್ಪಾ, ನಾಕೇ ಬೆಂಡು ಕಡ್ತಾವಾ?" ಅಂದ ಮಾವ. ನನಗೇ ಬೆಂಡು ಕಟ್ತೀಯಾ ಅಂತ. ಊರಿಗೆಲ್ಲ ಬೆಂಡು ಕಟ್ಟಿದವನಿಗೆ ಅದು ಸಣ್ಣ ಮಾತಲ್ಲ.

"ಎದೆ ಮಟ್ಟದ ತನಕ ಬೇಡ ತಾತ, ಆಚೆಗೆ ಹೋದ್ರೆ ಕಟ್ಟೋದೇ" ಅಂತ ಅಪ್ಪಾರಾವು ತಮ್ಮ ತೆಲುಗಿನಲ್ಲಿ ಹೇಳಿದರು.

ಮಾವ ನೀರಿಗೆ ನಡೆದ. ಬಗ್ಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡ. ಬಾವಿಗೆ ಇಳಿಯೋರು ಮೊದಲು ಒಂದು ಬೊಗಸೆ ನೀರು ಬಾಯಿಗೆ ಹಾಕಿ ಮುಕ್ಕಳಿಸೋದು ವಾಡಿಕೆ. ಕೈ ತಾನಾಗಿ ಹೋಯಿತು, ಹಾಕಿಕೊಂಡ. ಆಮೇಲೆ ಅವನು ಮಾಡಿದ ಮುಖ ನೋಡಿ ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದಳು. ಮಾವ ಮುಂದೆ ಹೋದ. ಮೊಣಕಾಲು, ತೊಡೆ, ಸೊಂಟ. ಅಲ್ಲಿ ನಿಂತ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ನಾವು ಈಗ ಬೀಳ್ತಾನೆ, ಈಗ ಬೀಳ್ತಾನೆ ಅಂತ ಉಸಿರು ಹಿಡಿದು ನೋಡ್ತಿದ್ದೀವಿ, ಮಾವ ನಿಧಾನಕ್ಕೆ ತಿರುಗಿ ದಂಡೆಗೆ ವಾಪಸ್ಸು ಬಂದುಬಿಟ್ಟ.

"ನೀರು ತಣ್ಣಗಿದೆ" ಅಂದ.

ನೀರು ಬೆಚ್ಚಗಿತ್ತು. ನಮ್ಮ ಹಂಡೆಯಲ್ಲಿ ಕಾಯಿಸಿ ತೋಡಿಟ್ಟಷ್ಟು ಬೆಚ್ಚಗಿತ್ತು. ಅತ್ತೆ ತನ್ನಿಂದಲೇ ಹೀಗಾಯಿತು ಅಂದುಕೊಂಡಳೋ ಏನೋ, ಊಟಕ್ಕೆ ಕೂತಾಗ ಮೀನಿನ ಸಾರಿನ ಬಟ್ಟಲನ್ನು ಎರಡು ಸಲ ಅವನ ಕಡೆ ನೂಕಿದಳು.

ಮಾರನೇ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಮಾವ ಒಬ್ಬನೇ ಹೋಗಿ ನೀರಿನ ಅಂಚಿನಲ್ಲಿ ಕೂತಿದ್ದ. ನಾನು ಪಕ್ಕದಲ್ಲಿ ಕೂತೆ. ಅಲೆ ಬಂದು ಕಾಲು ನೆನೆಸಿ ಹೋಗುತ್ತಿತ್ತು.

"ಮಾವ, ಅತ್ತೆ ಒಪ್ಪಿದ್ದಾಳಲ್ಲ. ಇನ್ನೇನು?"

"ಅವಳದ್ದಲ್ಲ ಕಣಮ್ಮ." ಮರಳಿನ ಮೇಲೆ ಬೆರಳಲ್ಲಿ ಒಂದು ದುಂಡನೆ ಗೆರೆ ಎಳೆದ. "ನಾನು ಈಜಿರೋದೆಲ್ಲ ಇದರೊಳಗೆ. ಎತ್ತ ಹೋದ್ರೂ ನಾಲ್ಕು ಕೈ ಹಾಕಿದ್ರೆ ಗೋಡೆ ಸಿಕ್ತದೆ. ಸುಸ್ತಾಯ್ತಾ, ಕಲ್ಲು ಹಿಡ್ಕೋ. ಮತ್ತೆ ಸುತ್ತು. ಐವತ್ತು ಸುತ್ತು ಹೊಡೀತಿದ್ದೆ, ನೂರು ಸುತ್ತು ಹೊಡೀತಿದ್ದೆ. ನೆಟ್ಟಗೆ ಈಜೇ ಇಲ್ಲಮ್ಮ ನಾನು." ಕಡಲಿನ ಕಡೆ ಗದ್ದ ಎತ್ತಿದ. "ಇದಕ್ಕೆ ಗೋಡೆ ಎಲ್ಲಿದೆ? ನಿನ್ನೆ ನಿಂತ್ಕೊಂಡು ನೋಡಿದ್ನಲ್ಲ, ಎದೆ ಡವಡವ ಅಂತು. ಊರಿಗೆಲ್ಲ ಈಜು ಕಲಿಸ್ದೋನು ನಾನು. ಯಾರ ಹತ್ರ ಹೇಳ್ಕೊಳ್ಳಲಿ?"

ಅಷ್ಟರಲ್ಲಿ ಹಿಂದೆ ಬಳೆ ಸದ್ದಾಯಿತು. ತಿರುಗಿ ನೋಡಿದರೆ ಅತ್ತೆ, ಕೈಯಲ್ಲಿ ಟವೆಲ್ಲು. ಎಲ್ಲ ಕೇಳಿಸಿಕೊಂಡಿದ್ದಾಳೆ.

"ಗೋಡೆ ತಾನೇ ಬೇಕಿರೋದು?" ಅಂದಳು.

ಟವೆಲ್ಲು ನನ್ನ ಮಡಿಲಿಗೆ ಹಾಕಿದಳು. ಕಳೆ ಕೀಳೋಕೆ ಇಳಿಯೋ ಹಾಗೆ ಸೀರೆ ಎತ್ತಿ ಕಟ್ಟಿದಳು. ಬಳೆಗಳನ್ನು ಮೊಣಕೈ ಕಡೆಗೆ ಏರಿಸಿಕೊಂಡಳು. ಜೀವಮಾನದಲ್ಲಿ ಪಾದದ ಮೇಲಕ್ಕೆ ನೀರು ಬಿಟ್ಟುಕೊಳ್ಳದ ಹೆಂಗಸು ಯಾರನ್ನೂ ನೋಡದೆ ಸಮುದ್ರದೊಳಕ್ಕೆ ನಡೆದುಬಿಟ್ಟಳು. ಸೊಂಟದ ಮಟ್ಟಕ್ಕೆ ಹೋಗಿ, ಒಂದು ಅಲೆಗೆ ಓಲಾಡಿ, ಸುಧಾರಿಸಿಕೊಂಡು, ನಮ್ಮ ಕಡೆ ತಿರುಗಿ ನಿಂತಳು. "ಬಾರಮ್ಮ ನೀನೂ. ನಿಮ್ಮ ಯಜಮಾನ್ರನ್ನೂ ಕರಿ. ಒಬ್ಬಳೇ ಎಷ್ಟು ಗೋಡೆ ಆಗ್ಲಿ?"

ನಾನು ಓಡಿದೆ. ನಮ್ಮ ಯಜಮಾನರು ಲೋಷನ್ನು ಇನ್ನೂ ಅರ್ಧ ಕೈಗೆ ಮಾತ್ರ ಹಚ್ಚಿದ್ದರು. ವಾಚು ಬಿಚ್ಚಿ, ಕನ್ನಡಕ ಬಿಚ್ಚಿ, ಟೋಪಿಯನ್ನು ಮಾತ್ರ ಬಿಚ್ಚದೆ ಬಂದರು. ಅಪ್ಪಾರಾವು ಏನಾಯಿತು ಅಂತ ಗಾಬರಿಯಿಂದ ಓಡಿ ಬಂದರು. ಅತ್ತೆಯೇ ತೆಲುಗಿನಲ್ಲಿ ಎರಡು ಮಾತು ಹೇಳಿದಳು. ಅವರು ಕೇಳಿಸಿಕೊಂಡು, ನಗದೆ, ಆಳದ ಕಡೆಯ ಜಾಗವನ್ನು ತಾವು ಹಿಡಿದು ನಿಂತರು. ಅಲ್ಲೇ ಆಡುತ್ತಿದ್ದ ಹೊಸದಾಗಿ ಮದುವೆಯಾದ ಒಂದು ಬಂಗಾಳಿ ಜೋಡಿ ಏನೋ ಆಟ ನಡೀತಿದೆ ಅಂದುಕೊಂಡು ತಾವೂ ಬಂದು ಸೇರಿದರು. ಅವರಿಗೆ ನಮ್ಮ ಭಾಷೆ ಬಾರದು, ನಮಗೆ ಅವರದು ಬಾರದು. ಗೋಡೆಗೆ ಭಾಷೆ ಯಾಕೆ ಬೇಕು? ಕೈ ಚಾಚಿಕೊಂಡು ದುಂಡಗೆ ನಿಂತೆವು. ನಡುವೆ ನೀರು.

ಮಾವ ದಂಡೆಯಲ್ಲಿ ಎದ್ದು ನಿಂತಿದ್ದ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಆಮೇಲೆ ಮೆಲ್ಲಗೆ ಬಂದು, ನನ್ನ ಮತ್ತು ಅತ್ತೆಯ ಕೈ ಕೆಳಗೆ ಬಗ್ಗಿ ಒಳಕ್ಕೆ ಬಂದ.

ಒಂದು ಸಲ ಕಣ್ಣು ಮುಚ್ಚಿದ. ನೀರಿನ ಮೇಲೆ ಒರಗಿದ.

ಏನು ಹೇಳಲಿ ನಿಮಗೆ? ಆ ಮೈಗೆ ಈಜು ಮರೆತಿರಲಿಲ್ಲ. ಮೊದಲ ಎರಡು ಕೈ ಸ್ವಲ್ಪ ತಡವರಿಸಿದವು, ಅಷ್ಟೆ. ಆಮೇಲೆ ಬೆಣ್ಣೆಯೊಳಗೆ ಬೆರಳಾಡಿದ ಹಾಗೆ ಹೋದ. ಎಡಗೈ ಕಡೆ ನಾವು. ಪ್ರತಿಯೊಬ್ಬರ ಹತ್ತಿರ ಬಂದಾಗಲೂ ಹೆಗಲನ್ನೋ ಮೊಣಕೈಯನ್ನೋ ಮುಟ್ಟಿ ಮುಂದಕ್ಕೆ. ಯಜಮಾನರ ಹೆಗಲು, ಬಂಗಾಳಿ ಹುಡುಗಿಯ ಕೆಂಪು ಬಳೆ, ಅವಳ ಗಂಡನ ಕೈ, ಅಪ್ಪಾರಾವು ಅವರ ಎದೆ, ಅತ್ತೆಯ ಅಂಗೈ, ನನ್ನ ತೋಳು. ಅಲೆ ಬಂದಾಗ ನಮ್ಮ ಬಾವಿ ಸೊಟ್ಟಗಾಗುತ್ತಿತ್ತು, ಮತ್ತೆ ದುಂಡಗಾಗುತ್ತಿತ್ತು. ಅತ್ತೆ ಅವನ ತಲೆ ಎತ್ತ ಹೋಗುತ್ತೋ ಅತ್ತ ಕಣ್ಣು ತಿರುಗಿಸುತ್ತಾ ನಿಂತಿದ್ದಳು. ರೆಪ್ಪೆ ಬಡಿದಳೋ ಇಲ್ಲವೋ ನಾನು ಕಾಣೆ.

ಎಷ್ಟು ಸುತ್ತಾಯಿತೋ. ಒಂದು ಸುತ್ತಿನಲ್ಲಿ ಅತ್ತೆಯ ಅಂಗೈ ಮುಟ್ಟಿದವನು ನನ್ನ ತೋಳಿನ ಹತ್ತಿರ ಬರಲಿಲ್ಲ. ನಮ್ಮಿಬ್ಬರ ನಡುವಿನ ಸಂದಿಯಲ್ಲಿ ತಲೆ ಮುಳುಗಿಸಿ ಆಚೆಗೆ ಜಾರಿದ. ಅತ್ತೆ ನನ್ನ ಮಣಿಕಟ್ಟು ಹಿಡಿದದ್ದು ಎಷ್ಟು ಗಟ್ಟಿ ಅಂದರೆ, ನನ್ನ ಬಳೆ ಒತ್ತಿದ ಗುರುತು ಆಮೇಲೂ ಇತ್ತು. ಅಷ್ಟರಲ್ಲಿ ಅವನ ತಲೆ ಮೇಲಕ್ಕೆ ಬಂತು, ನಮ್ಮ ಹಿಂದೆ. ಅಲ್ಲಿಂದ ಅವನು ನಮ್ಮ ಸುತ್ತ ಈಜಿದ. ಈಗ ಗೋಡೆ ಅವನಾಗಿದ್ದ, ಬಾವಿಯೊಳಗೆ ನಾವಿದ್ದೆವು. ಒಂದು ಸುತ್ತು ಪೂರ್ತಿ ಬಂದು ಅತ್ತೆಯ ಮುಂದೆ ಎದ್ದು ನಿಂತ. ಏದುಸಿರು, ಕೆಂಪಗಾದ ಕಣ್ಣು, ಬೋಳುತಲೆಯಿಂದ ನೀರಿಳಿಯುತ್ತಿತ್ತು. ಅತ್ತೆ ಒದ್ದೆಯಾಗಿದ್ದ ಸೆರಗಿನಲ್ಲೇ ಅವನ ತಲೆ ಒರೆಸಿದಳು. ಒದ್ದೆ ಸೆರಗಲ್ಲಿ ಒರೆಸಿದರೆ ತಲೆ ಒಣಗುತ್ತದೆಯೇ? ಆದರೂ ಒರೆಸಿದಳು.

ದಂಡೆಗೆ ಬಂದು ಸೀರೆ ಹಿಂಡಿಕೊಳ್ಳುತ್ತಾ ನಿಂತವಳು, ಬಂಗಾಳಿ ಜೋಡಿಗೆ ಕೈಸನ್ನೆಯಲ್ಲೇ ಊಟವಾಯಿತಾ ಅಂತ ಕೇಳಿದಳು. ಆಮೇಲೆ ಹೊರಡುತ್ತಿದ್ದ ಅಪ್ಪಾರಾವು ಅವರನ್ನು ಕೂಗಿ ನಿಲ್ಲಿಸಿದಳು.

"ರೇಪು ಎನ್ನಿ ಗಂಟಲಕು ರಾವಾಲಪ್ಪಾ?"

ನಾಳೆ ಎಷ್ಟು ಗಂಟೆಗೆ ಬರಬೇಕಪ್ಪ ಅಂತ ಕೇಳುತ್ತಿದ್ದಳು ನಮ್ಮತ್ತೆ.